ಸಮುದ್ರದ ವಕಾಲತ್ತು

ನಮ್ಮ ಊರಿನ ಕೆಳಕೇರಿಯಲ್ಲಿ ಇಳಿಹೊತ್ತಿನ ಬಿಸಿಲು ಹಸಿರಾಗಿ ಬೀಳುತ್ತಿತ್ತು. ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ ಅವನ ಬೆಳಕು ನಿಂತ ನೀರನ್ನು ಹಾದು ಅಂಗಳಗಳಿಗೆ ಬರಬೇಕಾಗಿತ್ತು, ಅದಕ್ಕೆ. ಕೇರಿಯ ಅಂಚಿನಲ್ಲಿ ಸಾಲಾಗಿ ನೆಟ್ಟ ಎಲ್ಲೆಗಲ್ಲುಗಳಿದ್ದವು. ಆ ಕಲ್ಲುಗಳ ಆಚೆ ಸಮುದ್ರ ಎದ್ದು ನಿಂತಿತ್ತು. ನಾನು ಚಿಕ್ಕವನಿದ್ದಾಗ ಅದು ಮೊಣಕಾಲೆತ್ತರ ಇತ್ತು. ವಕೀಲಿ ಆರಂಭಿಸಿದಾಗ ಸೊಂಟದವರೆಗೆ ಬಂದಿತ್ತು. ನಾನು ಹೇಳಹೊರಟಿರುವ ಸಂಗತಿ ನಡೆದ ಹೊತ್ತಿಗೆ ಎತ್ತರದ ಗಂಡಸು ಕೈ ಮೇಲೆತ್ತಿದರೂ ಅದರ ಅಂಚು ಸಿಗುತ್ತಿರಲಿಲ್ಲ. ನಡುವೆ ಗೋಡೆಯಿರಲಿಲ್ಲ, ಗಾಜಿರಲಿಲ್ಲ. ನ್ಯಾಯಾಲಯದ ತಡೆಯಾಜ್ಞೆಯೊಂದಿತ್ತು, ಅಷ್ಟೆ.

ಹೊರಗಿನಿಂದ ಬಂದವರು ಮೊದಲ ಸಲ ನೋಡಿದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಮಗೆ ರೂಢಿಯಾಗಿತ್ತು. ಹೆಂಗಸರು ಆ ನೀರಿನ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ಮೀನು ಕೊಳ್ಳುವವರು ಒಳಗೆ ಸುಳಿಯುವ ಬಂಗುಡೆಗಳನ್ನು ತೋರಿಸಿ, ಬುಟ್ಟಿಯಲ್ಲಿದ್ದವು ಅಷ್ಟು ಹೊಳೆಯುತ್ತಿಲ್ಲವೆಂದು ಚೌಕಾಸಿ ಮಾಡುತ್ತಿದ್ದರು. ಬುಟ್ಟಿಯ ಮೀನು ಪಕ್ಕದ ಊರಿನಿಂದ ಬರುತ್ತಿತ್ತು. ವ್ಯಾಜ್ಯ ನಡೆಯುತ್ತಿರುವಾಗ ಎದುರುಪಕ್ಷದೊಡನೆ ವ್ಯವಹಾರ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ ಎಂದು ನಮ್ಮವರು ಮೀನು ಹಿಡಿಯುವುದನ್ನು ಬಿಟ್ಟು ತಲೆಮಾರುಗಳಾಗಿದ್ದವು. ಆ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಆಜ್ಞೆ ಎರಡೂ ಕಡೆಗೆ ಅನ್ವಯಿಸುತ್ತದೆ, ಕೈ ಹಾಕಿದರೆ ನ್ಯಾಯಾಂಗ ನಿಂದನೆ ಎಂದು ಹಿರಿಯರು ಹೇಳಿಟ್ಟಿದ್ದರು. ಚೆಂಡು ಆಚೆ ಹೋದರೆ ಮಕ್ಕಳು ಅದನ್ನು ಬಿಟ್ಟುಬಿಡುತ್ತಿದ್ದರು. ಹಾಗೆ ಬಿಟ್ಟ ಚೆಂಡುಗಳು ನೀರಿನ ನೆತ್ತಿಯಲ್ಲಿ ತೇಲುತ್ತ, ನಮ್ಮ ತಲೆಗಿಂತ ಮೇಲೆ, ಸಂಜೆಯ ಗಾಳಿಗೆ ಅತ್ತಿತ್ತ ಹೋಗಿಬಂದು ಮಾಡುತ್ತಿದ್ದವು.

ಸಮುದ್ರ ಮೊದಲ ಬಾರಿ ಕೇರಿಗೆ ನುಗ್ಗಿದ್ದು ನಮ್ಮ ಅಜ್ಜಂದಿರ ಕಾಲದಲ್ಲಿ. ಜನ ಮೇಲ್ಪೇಟೆಯ ನ್ಯಾಯಾಲಯಕ್ಕೆ ಹೋಗಿ ಅದರ ಮೇಲೆ ದಾವೆ ಹೂಡಿದರು, ಆಜ್ಞೆ ಸಿಕ್ಕಿತು. ನ್ಯಾಯಾಲಯದ ಆಜ್ಞೆಗಳನ್ನು ಜಾರಿ ಮಾಡುವ ಅಮೀನ ತೀರದಲ್ಲಿ ನಿಂತು ಅದನ್ನು ಓದಿದ. ಸಮುದ್ರ ಕೇಳಿತು, ಹಿಂದೆ ಸರಿಯಿತು. ಆಜ್ಞೆಯ ಅವಧಿ ಒಂದು ವರ್ಷ. ಪ್ರತಿ ಮಳೆಗಾಲದ ಮುನ್ನ ಅದನ್ನು ನವೀಕರಿಸಬೇಕಾಗಿತ್ತು. ನನ್ನ ಕಾಲದ ಅಮೀನ ಕೊರಗಪ್ಪ ಕರಿಕೋಟು ತೊಟ್ಟು, ಗಂಟಲು ಸರಿಮಾಡಿಕೊಂಡು, ಹೊಸ ಆಜ್ಞೆಯನ್ನು ನೀರಿಗೆ ಓದಿಹೇಳುತ್ತಿದ್ದ. ಕೊನೆಗೆ "ಗೊತ್ತಾಯ್ತಲ್ಲ?" ಎಂದು ತನ್ನದೂ ಒಂದು ಮಾತು ಸೇರಿಸುತ್ತಿದ್ದ. ನೀರಿನ ಮೈಯಲ್ಲಿ ಸಣ್ಣ ನಡುಕ ಹಾದುಹೋಗುತ್ತಿತ್ತು. ಆಮೇಲೆ ಎಲ್ಲರೂ ಪಾನಕ ಕುಡಿದು ಮನೆಗೆ ಹೋಗುತ್ತಿದ್ದರು. ಮುಂದೆ ಬರಬೇಡ ಎಂದು ಆಜ್ಞೆಯಲ್ಲಿತ್ತು. ಬೆಳೆಯಬೇಡ ಎಂದು ಇರಲಿಲ್ಲ.

ವಕೀಲಿ ಬಿಟ್ಟ ಮೇಲೆ ನನ್ನ ಸಂಜೆಗಳು ಕೆಳಕೇರಿಯಲ್ಲೇ ಕಳೆಯುತ್ತಿದ್ದವು. ನನ್ನ ಮನೆ ಮೇಲ್ಪೇಟೆಯಲ್ಲಿ. ಹೆಂಡತಿ ತೀರಿಕೊಂಡ ನಂತರ ಆ ಮನೆಯ ಕಿಟಕಿಗಳಲ್ಲಿ ಬಿಸಿಲು ತೀರ ಬಿಳಿಯಾಗಿ, ತೀರ ಖಚಿತವಾಗಿ ಬರುತ್ತಿತ್ತು. ಅದರಲ್ಲಿ ಕವಿತೆ ಓದಲಾಗುತ್ತಿರಲಿಲ್ಲ. ಹಾಗಾಗಿ ಹರೆಯದಿಂದ ಜೊತೆಗಿದ್ದ ನವ್ಯ ಕವಿಗಳ ತೆಳ್ಳಗಿನ ಸಂಕಲನಗಳಲ್ಲಿ ಒಂದನ್ನು ಜೇಬಿಗಿಟ್ಟುಕೊಂಡು, ಇಳಿದು ಬಂದು, ಬೇಬಿಯಕ್ಕನ ಜಗಲಿಯಲ್ಲಿ ಕೂರುತ್ತಿದ್ದೆ. ಹಸಿರು ಬೆಳಕು ಪುಟದ ಮೇಲೆ ಅಲುಗಾಡುವಾಗ ಸಾಲುಗಳು ಇನ್ನೂ ಬರೆಯಲ್ಪಡುತ್ತಿರುವಂತೆ ಕಾಣುತ್ತಿದ್ದವು.

ಬೇಬಿಯಕ್ಕನದು ಎಲ್ಲೆಗಲ್ಲಿಗೆ ತಾಗಿದ ಮನೆ. ಶಾಲೆಯಲ್ಲಿ ನನಗಿಂತ ಒಂದು ತರಗತಿ ಹಿಂದಿದ್ದವರು. ಮಗಳು ಮತ್ತು ಇಬ್ಬರು ಮೊಮ್ಮಕ್ಕಳೊಡನೆ ಇದ್ದುಕೊಂಡು, ಪಕ್ಕದ ಊರಿನ ದೋಣಿಯವರಿಗೆ ಬಲೆ ಹೆಣೆದು ಕೊಡುತ್ತಿದ್ದರು. ದಾವೆಯಲ್ಲಿ ಮೊದಲನೇ ವಾದಿಯೂ ಅವರೇ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಅವರಿಗೆ ಮನೆಯೊಂದಿಗೆ ಮೊಕದ್ದಮೆಯೂ ಬಂದಿತ್ತು. ಒಮ್ಮೆ ನನ್ನ ಪುಸ್ತಕದೊಳಗೆ ಇಣುಕಿ, ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಕಾಗದ ದಂಡ ಎಂದಿದ್ದರು. ನಿಮ್ಮ ಬಲೆಯಲ್ಲೂ ಖಾಲಿಯೇ ಜಾಸ್ತಿ ಎಂದು ನಾನು ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಬಲೆಯನ್ನೇ ನೋಡಿ ನಕ್ಕಿದ್ದರು. ಆ ನಗುವಿಗಾಗಿ ನಾನು ಮರುದಿನವೂ ಹೋಗುತ್ತಿದ್ದೆ ಎಂದು ಈಗ ಬರೆದರೆ ತಪ್ಪಿಲ್ಲ.

ಆ ವರ್ಷ ನಮ್ಮ ನ್ಯಾಯಾಲಯಕ್ಕೆ ಶಮೀಮಾ ಎಂಬ ಹೊಸ ನ್ಯಾಯಾಧೀಶೆ ಬಂದರು. ನವೀಕರಣದ ದಿನ ಕೇರಿಯವರೆಲ್ಲ ಅಭ್ಯಾಸದಂತೆ ಹಾಜರಿದ್ದರು, ಪಾನಕದ ಕೊಡವೂ ನ್ಯಾಯಾಲಯದ ಜಗಲಿಯಲ್ಲಿ ಸಿದ್ಧವಿತ್ತು. ಕೇರಿಯ ವಕೀಲ ವಾಮನ ಶೆಣೈಯವರು ಎದ್ದು ಪ್ರತಿ ವರ್ಷದ ಎರಡು ವಾಕ್ಯಗಳನ್ನು ಹೇಳಿ ಕುಳಿತರು. ನ್ಯಾಯಾಧೀಶೆ ಕನ್ನಡಕ ತೆಗೆದು ಸಭಾಂಗಣವನ್ನೊಮ್ಮೆ ನೋಡಿದರು.

"ಪ್ರತಿವಾದಿಯ ಪರವಾಗಿ ಯಾರಿದ್ದಾರೆ?"

ಶೆಣೈಯವರು ಮತ್ತೆ ಎದ್ದು, ಪ್ರತಿವಾದಿ ಸಮುದ್ರ ಎಂದರು. ಅದು ಗೊತ್ತು, ಅದರ ಪರವಾಗಿ ಯಾರು ಎಂದು ಕೇಳುತ್ತಿದ್ದೇನೆ ಎಂದರು ನ್ಯಾಯಾಧೀಶೆ. ಇಷ್ಟು ವರ್ಷ ಯಾರೂ ಇರಲಿಲ್ಲ ಎಂದು ತಿಳಿದಾಗ ಅವರ ಮುಖ ಗಂಭೀರವಾಯಿತು. ಒಬ್ಬರ ಮಾತನ್ನೇ ಕೇಳಿ ಕೊಟ್ಟ ಆಜ್ಞೆಯನ್ನು ಮೂರು ತಲೆಮಾರು ಉಳಿಸಿಕೊಂಡಿದ್ದೀರಿ, ಎದುರಿನವರು ಅದನ್ನು ಪಾಲಿಸಿಕೊಂಡೂ ಬಂದಿದ್ದಾರೆ, ಅವರಿಗೊಂದು ಮಾತು ಹೇಳುವ ಅವಕಾಶ ಕೊಡಲಿಲ್ಲವೇ ಎಂದರು. ಆಜ್ಞೆಯನ್ನು ಮಳೆಗಾಲದ ಹೊಸ್ತಿಲಿನವರೆಗೆ ಮಾತ್ರ ಮುಂದುವರಿಸಿ, ಅಷ್ಟರೊಳಗೆ ಸಮುದ್ರದ ವಾದವನ್ನೂ ಕೇಳಿ ತೀರ್ಮಾನಿಸುವುದಾಗಿ ಹೇಳಿದರು. ಊರಿನ ವಕೀಲರೆಲ್ಲರಿಗೂ ಕೆಳಕೇರಿಯಲ್ಲಿ ಮನೆಯೋ ನೆಂಟರೋ ಇದ್ದುದರಿಂದ ಅವರ್ಯಾರೂ ಸಮುದ್ರದ ಪರ ನಿಲ್ಲುವಂತಿರಲಿಲ್ಲ. ಕೊನೆಗೆ ನ್ಯಾಯಾಧೀಶೆಯ ಕಣ್ಣು ಹಿಂದಿನ ಬೆಂಚಿನಲ್ಲಿ ಪಾನಕಕ್ಕಾಗಿ ಕಾಯುತ್ತಿದ್ದ ನನ್ನ ಮೇಲೆ ಬಿತ್ತು.

ಬೇಡವೆನ್ನಬಹುದಾಗಿತ್ತು. ವಯಸ್ಸಿನ ನೆವವಿತ್ತು. ಆದರೆ ಮಾತಿಲ್ಲದವುಗಳ ಮಾತನ್ನು ಕಿವಿಗೊಟ್ಟು ಕೇಳುವುದೇ ಕವಿತೆಯೆಂದು ನಂಬಿ ಬದುಕಿದವನು, ಅಂಥದೊಂದು ಎದುರಿಗೇ ಬಂದು ನಿಂತಾಗ ಮಂಡಿನೋವೆಂದು ಹೇಳಿ ತಪ್ಪಿಸಿಕೊಳ್ಳುವುದು ಹೇಗೆ? ಒಪ್ಪಿದೆ. ಆ ದಿನ ಪಾನಕ ಯಾರೂ ಕುಡಿಯಲಿಲ್ಲ.

ಸಂಜೆ ಕೆಳಕೇರಿಗೆ ಇಳಿದಾಗ ಜಗಲಿಗಳಲ್ಲಿ ಮಾತು ನಿಂತಿತು. ಬೇಬಿಯಕ್ಕ ಬಲೆಯಿಂದ ಕಣ್ಣೆತ್ತದೆ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಸಮುದ್ರದ ವಕೀಲ್ರು ಬಂದ್ರು. ಫೀಸಿಗೆ ಎಂತ ಕೊಡ್ತದಂತೆ, ಚಿಪ್ಪಾ?"

ಯಾರೋ ನಕ್ಕರು. ನಾನೂ ನಗಲು ನೋಡಿದೆ. ಆದರೆ ಅವರು ಪ್ರತಿದಿನ ನನಗಾಗಿ ಸರಿಸಿಡುತ್ತಿದ್ದ ಮಣೆ ಆ ದಿನ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಅಲ್ಲಿ ನಿಲ್ಲದೆ ಎಲ್ಲೆಗಲ್ಲಿನವರೆಗೆ ನಡೆದೆ. ವಕಾಲತ್ತಿನ ಹಾಳೆಗೆ ಕಕ್ಷಿಗಾರನ ಸಹಿ ಬೇಕಲ್ಲ. ಕೊರಗಪ್ಪ ನನ್ನ ಜೊತೆ ಬಂದಿದ್ದ. ಅವನು ಆ ಹಾಳೆಯನ್ನು ನೀರಿಗೆ ಮುಟ್ಟಿಯೂ ಮುಟ್ಟದಂತೆ ಹಿಡಿದು, "ಇಲ್ಲಿ ಹಾಕಿ ಮಾರಾಯ್ರೆ, ಕೆಳಗೆ, ಬಲಗಡೆ" ಎಂದ. ಸ್ವಲ್ಪ ಹೊತ್ತಿಗೆ ಹಾಳೆಯ ಬಲ ಮೂಲೆ ಒದ್ದೆಯಾಯಿತು. ಒಣಗಿದ ಮೇಲೆ ಅಲ್ಲಿ ಉಪ್ಪಿನ ತೆಳ್ಳನೆಯ ಗೆರೆಯೊಂದು ಉಳಿದಿತ್ತು. ಅದನ್ನು ಸಹಿಯೆಂದು ನ್ಯಾಯಾಲಯ ಒಪ್ಪಿಕೊಂಡಿತು.

ನಂತರದ ವಾರಗಳನ್ನು ನಾನು ನ್ಯಾಯಾಲಯದ ಹಿಂಬದಿಯ ಗ್ರಂಥಾಲಯದಲ್ಲಿ ಕಳೆದೆ. ಪಾರಿವಾಳಗಳು ಗೂಡು ಕಟ್ಟಿದ್ದ ಕೋಣೆ ಅದು. ಎಲ್ಲೆಲ್ಲಿ ಹವಾಮಾನದ ಬದಲಾವಣೆಯ ಬಗ್ಗೆ ಮೊಕದ್ದಮೆ ನಡೆದಿದೆಯೋ ಅಲ್ಲಿನ ತೀರ್ಪುಗಳನ್ನೆಲ್ಲ ತರಿಸಿಕೊಟ್ಟರು ಶಮೀಮಾ. ಎರಡೂ ಪಕ್ಷದವರಿಗೂ ಒಂದೊಂದು ಪ್ರತಿ; ಶೆಣೈಯವರು ತಮ್ಮ ಕಟ್ಟನ್ನು ಬಿಚ್ಚಲಿಲ್ಲ. ನಾನು ಒಂದೊಂದಾಗಿ ಓದಿದೆ. ಹಿಮ ಕರಗಿ ತನ್ನ ಊರಿನ ಮೇಲಿನ ಸರೋವರ ತುಂಬುತ್ತಿದೆಯೆಂದು ಬೆಟ್ಟದ ರೈತನೊಬ್ಬ ಸಾಗರದಾಚೆಯ ವಿದ್ಯುತ್ ಕಂಪನಿಯ ಮೇಲೆ ಅದರದೇ ದೇಶದಲ್ಲಿ ದಾವೆ ಹೂಡಿದ್ದ. ಜಗತ್ತಿನ ಹೊಗೆಯಲ್ಲಿ ಅದರ ಪಾಲು ಶೇಕಡಾ ಒಂದರ ಅರ್ಧಕ್ಕೂ ಕಡಿಮೆ. ಕಟ್ಟೆ ಕಟ್ಟುವ ಖರ್ಚಿನಲ್ಲಿ ಅಷ್ಟೇ ಪಾಲು ಕೊಡಲಿ ಎಂದು ಕೇಳಿದ್ದ. ವರ್ಷಗಳು ಕಳೆದು ಅವನು ಸೋತ, ಅಪಾಯ ನಿನ್ನ ಮನೆಗೆ ಅಷ್ಟು ಹತ್ತಿರವಿಲ್ಲ ಎಂದರು ಅಲ್ಲಿನ ನ್ಯಾಯಾಧೀಶರು. ಆದರೆ ಅದೇ ತೀರ್ಪಿನಲ್ಲಿ, ದೂರದಲ್ಲಿ ಹೊಗೆ ಬಿಟ್ಟವನು ಇಲ್ಲಿನ ಹಾನಿಗೆ ಹೊಣೆಯಾಗಬಹುದು ಎಂದೂ ಬರೆದರು. ಬಿಸಿಗಾಳಿ ಮೊದಲು ನಮ್ಮನ್ನೇ ಒಯ್ಯುತ್ತದೆ ಎಂದು ಮುದುಕಿಯರ ಸಂಘವೊಂದು ಸರ್ಕಾರದ ಮೇಲೆ ನ್ಯಾಯಾಲಯಕ್ಕೆ ಹೋಗಿ, ಸ್ವಂತ ದೇಶದಲ್ಲಿ ಸೋಲುತ್ತ ಸೋಲುತ್ತ, ಇಡೀ ಖಂಡದ ನ್ಯಾಯಾಲಯದಲ್ಲಿ ಗೆದ್ದಿತ್ತು. ನಮ್ಮದೇ ದೇಶದಲ್ಲಿ, ವಿದ್ಯುತ್ ತಂತಿಗೆ ಸಿಕ್ಕಿ ಸಾಯುವ ಭಾರದ ಹಕ್ಕಿಯೊಂದರ ಪ್ರಕರಣವನ್ನು ಕೇಳುತ್ತಿದ್ದ ನ್ಯಾಯಾಧೀಶರು, ಹವೆಯ ಕೆಡುಕಿಗೆ ತುತ್ತಾಗದೆ ಬದುಕುವುದು ಮನುಷ್ಯರ ಹಕ್ಕು ಎಂಬಲ್ಲಿಗೆ ಬಂದು ಮುಟ್ಟಿದ್ದರು. ಮುಳುಗುವ ದ್ವೀಪಗಳ ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆಯೊಂದು ದೇಶಗಳ ಸಭೆಯನ್ನು ಹಾದು ಜಗತ್ತಿನ ಅತಿ ದೊಡ್ಡ ನ್ಯಾಯಾಲಯಕ್ಕೆ ಹೋಗಿತ್ತು. ಹವೆಯನ್ನು ಕಾಯುವುದು ದೇಶಗಳ ಕರ್ತವ್ಯ, ಮರ್ಜಿಯಲ್ಲ ಎಂದು ಅಲ್ಲಿ ಹೇಳಿದ್ದರು.

ತೀರ್ಪುಗಳಲ್ಲಿ ಖಾಲಿ ಜಾಗ ಇರುವುದಿಲ್ಲ. ಹಾಳೆಯ ಅಂಚಿನವರೆಗೂ ಅಕ್ಷರ ತುಂಬಿರುತ್ತದೆ. ಆದರೂ ಓದುತ್ತ ಹೋದಂತೆ, ಒಂದು ಒಳ್ಳೆಯ ಕವಿತೆಯಲ್ಲಿ ಆಗುವಂತೆ, ಎಲ್ಲದರ ಹಿಂದೆ ಹೇಳದೆ ಬಿಟ್ಟ ಒಂದೇ ಮಾತು ಇದೆಯೆನಿಸತೊಡಗಿತು. ಅದೇನೆಂದು ಹಿಡಿಯಲು ನನಗೆ ಬಹಳ ಹೊತ್ತು ಬೇಕಾಯಿತು. ಹಿಡಿದ ಮೇಲೆ ಪುಸ್ತಕ ಮುಚ್ಚಿ, ಪಾರಿವಾಳಗಳನ್ನು ನೋಡುತ್ತ ಕುಳಿತುಬಿಟ್ಟೆ. ರೈತ, ಮುದುಕಿಯರು, ದ್ವೀಪದವರು, ಎಲ್ಲರೂ ಹೊಗೆ ಬಿಟ್ಟವರ ಮೇಲೆ ಅಥವಾ ಹೊಗೆಯನ್ನು ತಡೆಯದ ಸರ್ಕಾರಗಳ ಮೇಲೆ ಹೋಗಿದ್ದರು. ಕರಗುವ ಹಿಮದ ಮೇಲೆ ಯಾರೂ ದಾವೆ ಹೂಡಿರಲಿಲ್ಲ. ಬಿಸಿಗಾಳಿಯ ಮೇಲೆ ಹೂಡಿರಲಿಲ್ಲ. ಇಡೀ ಲೋಕದಲ್ಲಿ ಸಮುದ್ರವನ್ನು ಪ್ರತಿವಾದಿ ಮಾಡಿದವರು ನಾವು ಮಾತ್ರ. ಹೇಳಿದ ಮಾತು ಕೇಳುವುದು ಅದೊಂದೇ ಆಗಿದ್ದರಿಂದ ತಪ್ಪೂ ಅದರದೇ ಎಂದು ನಾವು ತಿಳಿದುಬಿಟ್ಟಿದ್ದೆವು.

ಮೋಡಗಳು ಕಾಣಿಸಿಕೊಳ್ಳತೊಡಗಿದ ಒಂದು ಬೆಳಿಗ್ಗೆ ಬೇಬಿಯಕ್ಕ ನನ್ನ ಮನೆಗೆ ಬಂದರು. ಒಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತರು. ನನ್ನ ಕೈಯಲ್ಲಿದ್ದ ತೀರ್ಪುಗಳ ಕಟ್ಟನ್ನು ನೋಡಿ, ಇದರಲ್ಲಿ ಖಾಲಿಯೇ ಇಲ್ಲವಲ್ಲ ಎಂದರು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಂದ ವಿಷಯ ಎತ್ತಿದರು.

"ಒಂದು ಕೇಳ್ತೇನೆ, ಸುಳ್ಳು ಹೇಳ್ಬೇಡಿ. ನೀವು ಗೆದ್ರೆ ಸಮುದ್ರ ನನ್ನ ಅಡುಗೆಮನೆಗೆ ಬರ್ತದಾ?"

"ಬರ್ತದೆ."

"ಸೋತ್ರೆ?"

"ಇನ್ನೂ ಎತ್ತರ ಆಗ್ತದೆ. ಮುಂದೆ ಯಾವಾಗಲೋ ಒಂದು ದಿನ, ನ್ಯಾಯಾಧೀಶರು ರಜೆಯಲ್ಲಿರುವಾಗ, ಅವಧಿ ಮುಗೀತದೆ. ಆಗ ಬರುವುದು ನಮ್ಮ ತಲೆಯ ಮೇಲಿಂದ."

ಅವರು ಕೆಳಗೆ, ಮನೆಗಳ ಮಾಡುಗಳಾಚೆ ಮಿನುಗುತ್ತಿದ್ದ ನೀರಿನ ಅಂಚನ್ನು ನೋಡಿದರು. ಮೇಲ್ಪೇಟೆಯಿಂದ ಅದು ಎಷ್ಟು ಎತ್ತರವಿದೆಯೆಂದು ಸರಿಯಾಗಿ ಕಾಣುತ್ತಿತ್ತು. ಕೆಳಗಿದ್ದವರಿಗೆ ಅದು ಹಸಿರು ಬೆಳಕು ಮಾತ್ರವಾಗಿತ್ತು. ತಾಯಿ ತನ್ನನ್ನು ಆ ಮನೆಯಲ್ಲೇ ಹೆತ್ತಿದ್ದು, ತಾನೂ ಮಗಳನ್ನು ಅಲ್ಲೇ ಹೆತ್ತಿದ್ದು, ಮೊಮ್ಮಕ್ಕಳು ಆ ನೀರಿನಲ್ಲಿ ಮುಖ ನೋಡಿಯೇ ತಮ್ಮನ್ನು ಗುರುತಿಸಲು ಕಲಿತದ್ದು, ಎಲ್ಲವನ್ನೂ ಅವರು ಏನೂ ಏರಿಳಿತವಿಲ್ಲದೆ ಹೇಳಿದರು. ನಾನು ಕೇಳಿಸಿಕೊಂಡೆ.

"ಹಾಗಾದ್ರೆ ನೀವು ಗೆಲ್ಲುದೂ ಬೇಡ, ಸೋಲುದೂ ಬೇಡ," ಎಂದರು ಹೊರಡುವಾಗ. "ಬೇರೆ ಎಂತಾದ್ರೂ ಹುಡುಕಿ. ಇಷ್ಟು ಓದಿದ್ದಕ್ಕೆ ಎಂತಾದ್ರೂ ಸಿಗ್ಬೇಕಲ್ಲ."

ಹುಡುಕಿದೆ. ಸಿಕ್ಕಿದ್ದು ಆ ಕಟ್ಟಿನ ತೀರ್ಪುಗಳಲ್ಲಲ್ಲ. ಎಳೆಯ ವಕೀಲನಾಗಿದ್ದಾಗ ಆಸ್ತಿ ಪಾಲಿನ ದಾವೆಗಳಲ್ಲಿ ನಾನೇ ಎಷ್ಟೋ ಸಲ ಬಳಸಿದ್ದ ಸಾಮಾನ್ಯ ಕ್ರಮ ಅದು. ಪ್ರತಿವಾದಿಯ ಹಿತವೂ ವಾದಿಯ ಹಿತವೂ ಒಂದೇ ಎಂದು ಕಂಡುಬಂದರೆ, ಅವನನ್ನು ಆ ಸಾಲಿನಿಂದ ಎತ್ತಿ ಈ ಸಾಲಿಗೆ ತಂದು ಕೂರಿಸಬಹುದು. ಸಮುದ್ರವನ್ನು ವಾದಿಯನ್ನಾಗಿ ವರ್ಗಾಯಿಸಿ ಎಂದು ಕೇಳಬಹುದಿತ್ತು. ಆದರೆ ಅದಕ್ಕೊಂದು ಬೆಲೆಯಿತ್ತು, ಮತ್ತು ಅದನ್ನು ತೆರಬೇಕಾದವರು ಗೇಟಿನ ಹೊರಗೆ ನಿಂತು ಹೋಗಿದ್ದರು.

ಅಂತಿಮ ವಿಚಾರಣೆಯನ್ನು ಸ್ಥಳದಲ್ಲೇ ನಡೆಸುವುದೆಂದು ಶಮೀಮಾ ತೀರ್ಮಾನಿಸಿದರು. ಕೆಳಕೇರಿಯ ನಡುವೆ, ಎಲ್ಲೆಗಲ್ಲುಗಳಿಗೆ ಎದುರಾಗಿ, ಅವರ ಕುರ್ಚಿ ಮೇಜುಗಳನ್ನು ತಂದಿಟ್ಟರು. ಮೋಡ ಕವಿದ ದಿನ. ಎಲ್ಲರ ಮುಖದ ಮೇಲೂ ಆ ಹಸಿರು ತೆಳುವಾಗಿ ಹಬ್ಬಿತ್ತು. ಕೊರಗಪ್ಪ ಪದ್ಧತಿಯಂತೆ ಪ್ರತಿವಾದಿಯ ಹೆಸರನ್ನು ಮೂರು ಸಲ ಕೂಗಿದ. ಎದುರಿಗೇ ಇರುವವರನ್ನು ಅಷ್ಟು ಗಟ್ಟಿಯಾಗಿ ಕೂಗಲು ಅವನಿಗೆ ಸಂಕೋಚವಾದದ್ದು ತಿಳಿಯುತ್ತಿತ್ತು. ನೀರು ಒಮ್ಮೆ ಕಂಪಿಸಿತು. ಹಾಜರಿದೆ ಎಂದು ಬರೆದುಕೊಳ್ಳಲು ನ್ಯಾಯಾಧೀಶೆ ಹೇಳಿದರು.

ಶೆಣೈಯವರು ಚೆನ್ನಾಗಿಯೇ ವಾದಿಸಿದರು. ಕೇರಿಯಲ್ಲಿ ಮನೆಗಳಿವೆ, ಮಕ್ಕಳಿದ್ದಾರೆ, ಬಾವಿಗಳಲ್ಲಿ ಇನ್ನೂ ಸಿಹಿನೀರಿದೆ. ಪ್ರತಿವಾದಿಯೋ ಇದುವರೆಗೆ ಒಂದು ದೂರನ್ನೂ ಕೊಟ್ಟಿಲ್ಲ, ಅದಕ್ಕೆ ಯಾವ ತೊಂದರೆಯೂ ಇರುವಂತಿಲ್ಲ, ನಡೆದುಕೊಂಡು ಬಂದದ್ದು ನಡೆಯಲಿ ಎಂದರು. ನನ್ನ ಸರದಿ ಬಂದಾಗ ಬಹಳ ಹೊತ್ತು ಮಾತಾಡಬೇಕೆಂದುಕೊಂಡಿದ್ದೆ, ಮಾತಾಡಲಾಗಲಿಲ್ಲ. ಓದಿದ ತೀರ್ಪುಗಳ ಸಾರವನ್ನು ಹೇಳಿದೆ. ರೈತನ ಸೋಲಿನೊಳಗಿನ ಗೆಲುವನ್ನು, ಮುದುಕಿಯರನ್ನು, ದ್ವೀಪದವರನ್ನು ವಿವರಿಸಿದೆ. ನಮ್ಮ ಸಮುದ್ರ ತಾನಾಗಿ ಎತ್ತರವಾದದ್ದಲ್ಲ, ಎಲ್ಲೋ ಕರಗಿದ್ದು, ಎಲ್ಲೋ ಉರಿದದ್ದು ಅದರ ಮೇಲೆ ಬಂದು ಬಿದ್ದಿದೆ ಎಂದೆ. ಆಮೇಲೆ ನನ್ನ ಕಕ್ಷಿಗಾರನ ಕಡೆ ತಿರುಗಿದೆ.

"ಮೂರು ತಲೆಮಾರಿನಿಂದ ಇದು ನಿಂತಿದೆ. ನಾವು ನಿಲ್ಲು ಎಂದೆವು, ನಿಂತಿತು. ಹೊಗೆ ಬಿಟ್ಟವರಿಗೆ ಯಾರಾದರೂ ನಿಲ್ಲಿ ಎಂದು ಹೇಳಿ, ಅವರು ಒಂದು ಸಂಜೆಯಾದರೂ ನಿಂತಿದ್ದರೆ, ನಾನು ಈಗಲೇ ಕುಳಿತುಬಿಡುತ್ತೇನೆ."

ನಾನು ಕೇಳಿದ್ದು ಇಷ್ಟು: ಸಮುದ್ರವನ್ನು ಕೇರಿಯವರ ಜೊತೆ ವಾದಿಯನ್ನಾಗಿ ಮಾಡಿ, ದೂರದ ಹೊಗೆಯವರನ್ನು ಪ್ರತಿವಾದಿಗಳನ್ನಾಗಿ ಸೇರಿಸಿ, ಪ್ರಕರಣವನ್ನು ಮೇಲಿನ ನ್ಯಾಯಾಲಯಗಳಿಗೆ ಕಳಿಸಬೇಕು.

ನ್ಯಾಯಾಧೀಶೆ ಶೆಣೈಯವರನ್ನಾಗಲಿ ನನ್ನನ್ನಾಗಲಿ ನೋಡದೆ ಬೇಬಿಯಕ್ಕನನ್ನು ಮುಂದೆ ಕರೆದು, ಕೂರಲು ಹೇಳಿ, ತಿಳಿಯಾಗಿ ವಿವರಿಸಿದರು. ಇಬ್ಬರೂ ಒಂದೇ ಸಾಲಿಗೆ ಬಂದರೆ ಒಬ್ಬರ ಮೇಲೆ ಇನ್ನೊಬ್ಬರ ತಡೆಯಾಜ್ಞೆ ಉಳಿಯುವುದಿಲ್ಲ. ಆಮೇಲೆ ಈ ನೀರನ್ನು ಹಿಡಿದಿಡುವ ಆಜ್ಞೆ ಯಾವುದೂ ಇರುವುದಿಲ್ಲ. ಕೇರಿಯವರು ಮನೆ ತೆರವು ಮಾಡಿ ಮೇಲೆ ಹೋಗುವಷ್ಟು ಕಾಲ, ಮನೆ ಖಾಲಿಯಾದಂತೆ ಮಾತ್ರ ಮುಂದೆ ಬರುತ್ತೇನೆ ಎಂದು ಅದು ತಾನಾಗಿ ಮುಚ್ಚಳಿಕೆ ಕೊಡಬೇಕು, ನೀವು ಅದನ್ನು ನಂಬಬೇಕು. ಹೇಗಿದ್ದರೂ ಕೇರಿ ಕೊನೆಗೆ ನೀರಿನದಾಗುತ್ತದೆ. ನೀವು ಮೊದಲನೇ ವಾದಿ. ನೀವು ಬೇಡವೆಂದರೆ ಆಜ್ಞೆಯನ್ನು ಇನ್ನೊಂದು ವರ್ಷಕ್ಕೆ ನವೀಕರಿಸುತ್ತೇನೆ, ಹಾಗೆ ಮಾಡಲು ಕಾನೂನಿನ ಅಡ್ಡಿಯಿಲ್ಲ.

ಬೇಡ ಎಂಬ ಮಾತು ಬೇಬಿಯಕ್ಕನ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ಬಂದಿದ್ದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವರು ತಮ್ಮ ಮನೆಯ ಕಡೆ ನೋಡಿದರು, ನೀರಿನ ಕಡೆ ನೋಡಿದರು.

"ಹೇಳುವ ಮೊದಲು ಒಂದು ಸಲ ಮುಟ್ಟಿ ನೋಡ್ಬಹುದಾ?"

ಶೆಣೈಯವರು ಎದ್ದು, ಅದು ನಿಂದನೆಯಾಗುತ್ತದೆ ಎಂದರು. ನ್ಯಾಯಾಲಯವೇ ಅನುಮತಿ ಕೊಟ್ಟರೆ ಆಗುವುದಿಲ್ಲ ಎಂದು ಶಮೀಮಾ ಹೇಳಿದರು. ಬೇಬಿಯಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಎಲ್ಲೆಗಲ್ಲಿನವರೆಗೆ ನಡೆದರು. ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ಮಲಗಿ ಎದ್ದವರು, ಮೊದಲ ಬಾರಿಗೆ ಅದರೊಳಗೆ ಕೈ ಚಾಚಿದರು. ಮೊಣಕೈವರೆಗೆ ಹೋಯಿತು. ಸಣ್ಣ ಮೀನುಗಳು ಬಂದು ಬೆರಳುಗಳ ಸುತ್ತ ನಿಂತವು. ಅವರು ಕೈ ತೆಗೆಯಲಿಲ್ಲ. ಅಂಗೈಯನ್ನು ಮಗುಚಿ, ಮಕ್ಕಳ ಹಣೆ ನೋಡುವಾಗ ಮಾಡುವಂತೆ, ಮುಂಗೈಯಿಂದ ಮುಟ್ಟಿ ಸ್ವಲ್ಪ ಹೊತ್ತು ಹಾಗೇ ಹಿಡಿದರು. ತಿರುಗಿದಾಗ ಅವರ ಮುಖ ಬೇರೆಯಾಗಿತ್ತು.

"ಇದಕ್ಕೆ ಜ್ವರ ಉಂಟು," ಎಂದರು.

ಸಮುದ್ರಗಳು ಬಿಸಿಯಾಗುತ್ತಿವೆಯೆಂದು ನಾನು ಓದಿದ ಎಲ್ಲ ತೀರ್ಪುಗಳಲ್ಲೂ ಇತ್ತು. ನಾನೇ ಅದನ್ನು ಅರ್ಧ ಗಂಟೆಯ ಮುಂಚೆ ಹೇಳಿದ್ದೆ. ಆದರೂ ಆ ಮಾತು ಕೇರಿಯಲ್ಲಿ ಆಗ ಮೊದಲ ಸಲ ಕೇಳಿಸಿದಂತಿತ್ತು. ನ್ಯಾಯಾಧೀಶೆ ಬರೆದುಕೊಳ್ಳುವವರ ಕಡೆ ಬಾಗಿ ಮೆಲ್ಲನೆ ಹೇಳಿದರು: ಮೊದಲನೇ ವಾದಿ ಪ್ರತಿವಾದಿಯನ್ನು ಮುಟ್ಟಿ ನೋಡಿ, ಅದಕ್ಕೆ ಜ್ವರವಿದೆಯೆಂದು ತಿಳಿಸಿರುತ್ತಾರೆ.

"ಜ್ವರದಲ್ಲಿದ್ದದ್ದನ್ನು ಇಷ್ಟು ವರ್ಷ ಬಾಗಿಲಲ್ಲೇ ನಿಲ್ಲಿಸಿಬಿಟ್ಟೆವಲ್ಲ ವಕೀಲ್ರೆ." ಬೇಬಿಯಕ್ಕ ಈಗ ನನ್ನೊಡನೆ ಮಾತ್ರ ಮಾತಾಡುತ್ತಿದ್ದರು. "ಬರ್ಲಿ. ಆದ್ರೆ ಮೆಲ್ಲ ಬರ್ಲಿಕ್ಕೆ ಹೇಳಿ. ಬಲೆ ಸುತ್ತಿಕೊಳ್ಳುವಷ್ಟು ಪುರುಸೊತ್ತು ಕೊಡ್ಲಿ."

ಮುಚ್ಚಳಿಕೆಯನ್ನು ಕಕ್ಷಿಗಾರನ ಪರವಾಗಿ ವಕೀಲನೇ ಕೊಡಬಹುದು, ಆದರೆ ಕಕ್ಷಿಗಾರನನ್ನು ಕೇಳದೆ ಕೊಡುವಂತಿಲ್ಲ. ನಾನು ನೀರಿನ ಮುಂದೆ ನಿಂತು, ಕೊರಗಪ್ಪನಷ್ಟು ಗಟ್ಟಿಯಾಗಿ ಅಲ್ಲ, ಸಂಜೆ ಜಗಲಿಯಲ್ಲಿ ಓದುವ ಧ್ವನಿಯಲ್ಲಿ ಕೇಳಿದೆ. ಅಷ್ಟು ವರ್ಷ ಬಿಗಿದುಕೊಂಡಿದ್ದ ಅದರ ಮೈ ಮೇಲಿನ ಅಂಚಿನಲ್ಲಿ ಸಡಿಲವಾಯಿತು. ಕಲ್ಲುಗಳ ಬುಡದಿಂದ ತೆಳ್ಳಗೆ ನೀರು ಹೊರಬಂತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡರು. ಆ ನೀರು ನ್ಯಾಯಾಧೀಶೆಯ ಕುರ್ಚಿಯ ಪಕ್ಕಕ್ಕೆ ಹರಿದು, ಬೇಬಿಯಕ್ಕನ ಪಾದಗಳನ್ನು ಮುಟ್ಟಿ, ಅಲ್ಲಿ ನಿಂತಿತು. ಆಜ್ಞೆಯಿಲ್ಲದೆ ನಿಂತಿತು. ನಾನು ಸಹಿ ಹಾಕಿದೆ.

ಆ ಮಳೆಗಾಲದಲ್ಲಿ ಮತ್ತು ಅದರ ಮುಂದಿನದರಲ್ಲಿ ಕೇರಿಯ ಮನೆಗಳು ಒಂದೊಂದಾಗಿ ಮೇಲಕ್ಕೆ ಬಂದವು. ಹಂಚು, ಬಾಗಿಲು, ದಾರಂದದ ಚೌಕಟ್ಟು, ಅರೆಯುವ ಕಲ್ಲು, ಎಲ್ಲವನ್ನೂ ಹೊತ್ತುಕೊಂಡು ಜನ ಹತ್ತಿದರು. ಮೇಲ್ಪೇಟೆಯವರು ಮೊದಲು ಗೊಣಗಿದರು, ಆಮೇಲೆ ಹಿತ್ತಿಲುಗಳನ್ನು ಬಿಟ್ಟುಕೊಟ್ಟರು. ಬೇಬಿಯಕ್ಕನ ಹೊಸ ಮನೆ ನನ್ನ ಮನೆಯ ಹಿಂದಿನ ಗೇರು ಮರಗಳ ನಡುವೆ ಎದ್ದಿತು. ಕೆಳಗೆ ಒಂದು ಮನೆ ಖಾಲಿಯಾದ ಮೇಲೆ ಮಾತ್ರ ಸಮುದ್ರ ಅದರ ಹೊಸ್ತಿಲು ದಾಟುತ್ತಿತ್ತು. ಸಾಮಾನು ಮರೆತು ಹೋದವರು ಮರುದಿನ ಹಿಂದಿರುಗಿದರೆ ನೀರು ಮೆಟ್ಟಿಲ ಮೇಲೆ ಕಾಯುತ್ತಿರುತ್ತಿತ್ತು. ಈಗ ಅದು ಎದ್ದು ನಿಂತಿಲ್ಲ. ಎಲ್ಲ ಊರುಗಳ ಸಮುದ್ರದಂತೆ ಮಲಗಿದೆ, ಗುಡ್ಡದ ಬುಡದವರೆಗೆ ಹರಡಿಕೊಂಡು. ಹಸಿರು ಬೆಳಕು ಹೋಯಿತು. ನಾನು ಬಿಳಿ ಬಿಸಿಲಿನಲ್ಲಿ ಓದಲು ಕಲಿಯುತ್ತಿದ್ದೇನೆ.

ನಮ್ಮ ಪ್ರಕರಣ ಮೇಲಿನ ನ್ಯಾಯಾಲಯವನ್ನು ದಾಟಿ ರಾಜಧಾನಿಗೆ ಹೋಗಿದೆ. ಅಲ್ಲಿಂದ ಕಡಲಾಚೆಗೂ ಹೋಗಬೇಕಾದೀತು ಎನ್ನುತ್ತಾರೆ. ಅದರ ಹೆಸರಿನಲ್ಲಿ ವಾದಿಗಳ ಸಾಲಿನಲ್ಲಿ ಬೇಬಿ ಎಂದಿದೆ, ಅದರ ಪಕ್ಕದಲ್ಲಿ ಸಮುದ್ರ ಎಂದಿದೆ. ನಾನು ಓದಿದ ಯಾವ ಕವಿತೆಯಲ್ಲೂ ಅಂಥ ಸಾಲು ಸಿಕ್ಕಿರಲಿಲ್ಲ. ಪ್ರತಿವಾದಿಗಳ ಸಾಲಿನಲ್ಲಿರುವವರಿಗೆ ನೋಟಿಸು ತಲುಪಿದೆ. ಪ್ರತಿ ವಿಚಾರಣೆಗೂ ಅವರ ದೊಡ್ಡ ದೊಡ್ಡ ವಕೀಲರು ಬಂದು ವಿಚಾರಣೆ ಮುಂದೂಡಲು ವಾಯಿದೆ ಕೇಳಿ ಹೋಗುತ್ತಾರೆ.

ಸಂಜೆ ನಾನೂ ಬೇಬಿಯಕ್ಕನೂ ಹೊಸ ತೀರಕ್ಕೆ ಇಳಿಯುತ್ತೇವೆ. ಮಂಡಿ ನೋಯುವುದರಿಂದ ನಾನು ಮೆಟ್ಟಿಲಲ್ಲೇ ಕೂರುತ್ತೇನೆ. ಏನಾಯಿತೆಂದು ಅವರು ಕೇಳುತ್ತಾರೆ, ಮತ್ತೆ ವಾಯಿದೆ ಕೇಳಿದ್ದಾರೆ ಎಂದು ನಾನು ಹೇಳುತ್ತೇನೆ. ಬೇಬಿಯಕ್ಕ ನೀರಿನ ಅಂಚಿಗೆ ಹೋಗಿ, ಕುಕ್ಕರುಗಾಲಿನಲ್ಲಿ ಕುಳಿತು, ಜ್ವರ ನೋಡುವಂತೆ ಮುಂಗೈಯನ್ನು ಅದರ ಮೇಲಿಡುತ್ತಾರೆ. ತಿರುಗಿ ಬರುವವರೆಗೆ ನಾನು ಪುಟ ಮಗುಚುವುದಿಲ್ಲ.

"ಬಿಟ್ಟಿಲ್ಲ," ಎನ್ನುತ್ತಾರೆ.